ಸಭೆಯ ಹಿರಿಯರು ಕ್ಷಮಿಸಿದ ಅಪರಾಧ

ಕೊರೊನಾ ಕಾಲ ಮುಗಿದು ಶಾಲೆಗಳು ಮತ್ತೆ ಬಾಗಿಲು ತೆರೆದ ವರ್ಷ ನಾನು ಕಾರವಾರದ ಮಹಿಳಾ ಪೊಲೀಸ್ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಹೆಂಗಸರು ಮತ್ತು ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳು ಹೆಚ್ಚಾಗಿ ನನ್ನ ಮೇಜಿಗೇ ಬರುತ್ತಿದ್ದವು. ಕುಡಿದು ಬಂದು ಬಡಿಯುವ ಗಂಡಂದಿರನ್ನು, ಮದುವೆಯ ಆಸೆ ತೋರಿಸಿ ಕೈಕೊಟ್ಟವರನ್ನು ನೋಡಿ ನೋಡಿ ನನಗೆ ಸಿಟ್ಟು ಬರುವುದೇ ಕಡಿಮೆಯಾಗಿತ್ತು. ಹೇಸಿಗೆ ಎಂದರೇನೆಂದು ತಿಳಿದದ್ದು ಈ ಪ್ರಕರಣದಲ್ಲಿ. ಅದೂ ಆರೋಪಿಗಿಂತ ಹೆಚ್ಚಾಗಿ ಅವನ ಸುತ್ತ ನಿಂತ ಸಭ್ಯರನ್ನು ನೋಡಿ.

ಒಂದು ಬೆಳಿಗ್ಗೆ ಅವರ್ಸಾದ ಫಿಲೋಮಿನಾ ಎಂಬ ಹೆಂಗಸು ಠಾಣೆಗೆ ಬಂದಳು. ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವವಳು, ಗಂಡ ತೀರಿಹೋಗಿದ್ದ. ದೂರು ಕೊಡಲು ಬಂದವಳಂತೆ ಕಾಣಲಿಲ್ಲ. ನಿಂತುಕೊಂಡೇ ಕೇಳಿದಳು:

"ಅಕ್ಕೋರೇ, ಒಂದ್ ಮಾತು ಕೇಳೂಕಿತ್ತು. ಪಾಸ್ಟರ್ ಬೇರೆ ಊರಿಗೆ ಹೋಗ್ತ್ರು. ಅವ್ರಿಗೆ ನನ್ನ ಮಗಳೇ ಹಾರ ಹಾಕ್ಬೇಕು ಹೇಳ್ತ್ರು. ಅವ್ಳು ಬ್ಯಾಡ ಅಂತ ಅಳ್ತಾ ಕೂತದೆ. ಹಾಕ್ಲೇಬೇಕು ಹೇಳುವಂಥಾ ಕಾಯ್ದೆ ಏನಾರೂ ಉಂಟಾ?"

ಕುರ್ಚಿ ಕೊಟ್ಟು ಕೂರಿಸಿದೆ. ಚಹಾ ತರಿಸಿದೆ. ಅದು ಆರಿ ತಣ್ಣಗಾಗುವ ಹೊತ್ತಿಗೆ ಉಳಿದದ್ದನ್ನು ಹೇಳಿದಳು.

ಅವಳ ಮಗಳನ್ನು ಇಲ್ಲಿ ರೀಟಾ ಎನ್ನುತ್ತೇನೆ. ಅದು ಅವಳ ನಿಜವಾದ ಹೆಸರಲ್ಲ. ಹದಿನಾರು ವರ್ಷ, ಪಿಯುಸಿ ಓದುತ್ತಿದ್ದಳು, ಚರ್ಚಿನ ಗಾಯನ ತಂಡದಲ್ಲಿದ್ದಳು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಇರುವ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೇ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ದಾಖಲಿಸಿಕೊಳ್ಳಬೇಕು. ಸೀರೆ ಉಟ್ಟು ಅವರ್ಸಾಕ್ಕೆ ಹೋದೆ. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಹಾಡಿನ ಅಭ್ಯಾಸ ಮುಗಿದ ಮೇಲೆ ಪಾಸ್ಟರ್ ಅವಳೊಬ್ಬಳನ್ನೇ ನಿಲ್ಲಿಸಿಕೊಳ್ಳುತ್ತಿದ್ದ. ಮುಂದಿನದನ್ನು ನಾನು ಬರೆಯುವುದಿಲ್ಲ. ಅದನ್ನು ಅವಳು ನ್ಯಾಯಾಧೀಶರೆದುರು ಹೇಳಿದ್ದಾಳೆ, ಅಷ್ಟು ಸಾಕು.

ಆದರೆ ಅದನ್ನು ಹೇಳುವಾಗ ಅಳದಿದ್ದ ಹುಡುಗಿ, ಚರ್ಚಿನವರು ನಡೆಸಿದ 'ವಿಚಾರಣೆ'ಯ ಮಾತು ಬಂದಾಗ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಚರ್ಚಿನಲ್ಲಿ ದೂರಿದ ಮೇಲೆ ಸಭೆಯ, ಅಂದರೆ ಆ ಚರ್ಚಿನ ಕೂಟದ, ಹಿರಿಯರು, ಎಲ್ಲ ಗಂಡಸರೇ, ಒಂದು ಕೋಣೆಯಲ್ಲಿ ಕೂತು ಅವಳನ್ನು ಕರೆಸಿದ್ದರು. ತಾಯಿಯನ್ನು ಹೊರಗೆ ನಿಲ್ಲಿಸಿದ್ದರು. ಪಾಸ್ಟರ್ ಮಾತ್ರ ಒಳಗೆ, ಅವರ ಜೊತೆಗೇ ಕುರ್ಚಿಯಲ್ಲಿ ಕೂತಿದ್ದ.

"ಆ ದಿವ್ಸ ಯಾವ ಬಟ್ಟೆ ಹಾಕಿದ್ದೆ ಕೇಳಿದ್ರು," ಎಂದಳು ರೀಟಾ. "ಮತ್ತೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ್ರು. ಆಮೇಲೆ, ನಂಗೆ ಪಾಸ್ಟರ್ ಹತ್ರ ಕ್ಷಮೆ ಕೇಳು ಹೇಳಿದ್ರು."

ತೀರ್ಮಾನವೂ ಅಲ್ಲೇ ಆಯಿತು. ರೀಟಾ ಗಾಯನ ತಂಡ ಬಿಡಬೇಕು. ಪಾಸ್ಟರ್ 'ಆರೋಗ್ಯದ ಕಾರಣಕ್ಕೆ' ರಾಮನಗುಳಿಯ ಕಡೆ ಇದ್ದ ಅವರದೇ ಇನ್ನೊಂದು ಸಭೆಗೆ ಹೋಗಬೇಕು. ಜನರ ಬಾಯಿ ಮುಚ್ಚಿಸಲು ಬೀಳ್ಕೊಡುಗೆಯ ದಿನ ರೀಟಾಳೇ ಹಾರ ಹಾಕಬೇಕು.

ದೂರು ದಾಖಲಿಸಿಕೊಂಡು, ಹುಡುಗಿಯ ವೈದ್ಯಕೀಯ ಪರೀಕ್ಷೆಗೆ ಏರ್ಪಾಡು ಮಾಡಿ, ನೇರವಾಗಿ ಸಭೆಯ ಕಾರ್ಯದರ್ಶಿಯ ಮನೆಗೆ ಹೋದೆ. ನಿವೃತ್ತ ಉಪನ್ಯಾಸಕರು, ಮೆಲುದನಿಯ ಮನುಷ್ಯ. ಹೆಂಡತಿಯನ್ನು ಕರೆದು ಕೇಕ್ ತರಿಸಿದರು.

"ಮೇಡಂ, ಇದು ನಮ್ಮ ಕುಟುಂಬದ ವಿಷಯ ಇದ್ದ ಹಾಗೆ. ನೀವು ಬೇರೆಯವರು, ನಿಮಗೆ ಅರ್ಥ ಆಗೂದು ಕಷ್ಟ. ನಾವು ಒಳಗೇ ಬಗೆಹರಿಸಿದ್ದೇವೆ. ಅವರನ್ನ ಕ್ಷಮಿಸಿಯೂ ಆಗಿದೆ."

"ಅವರು ನಿಮಗೇನು ಮಾಡಿದ್ದರು ಸರ್, ನೀವು ಕ್ಷಮಿಸೋದಕ್ಕೆ?" ಎಂದು ಕೇಳಿದೆ.

ಅವರು ಕೇಕಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಮತ್ತೆ, ತಮ್ಮ ಒಳ್ಳೆಯತನಕ್ಕೆ ಸಾಕ್ಷಿ ಹೇಳುವವರಂತೆ ಅಂದರು: "ಹಿಂದಿನ ಊರಿನಿಂದ ಬರುವಾಗಲೂ ಅವರ ಮೇಲೆ ಇಂಥದೇ ಒಂದು ಮಾತಿತ್ತು. ನಾವು ದೊಡ್ಡ ಮನಸ್ಸು ಮಾಡಿ ಅದನ್ನ ಎತ್ತಲೇ ಇಲ್ಲ."

ಹೀಗೆ ಹೇಳುವಾಗ ಅವರ ಮುಖದಲ್ಲಿ ಅಳುಕಿನ ಒಂದು ಗೆರೆಯೂ ಇರಲಿಲ್ಲ. ಇಂಥ ಅಪರಾಧ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಪೋಕ್ಸೊ ಕಾಯ್ದೆಯಲ್ಲಿ ಬೇರೆಯೇ ಅಪರಾಧ, ಸಂಸ್ಥೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲಾಗಬಹುದು ಎಂದೆ. ಅವರ ದನಿ ಮೊದಲ ಸಲ ಏರಿತು. "ಮರ್ಯಾದೆಯ ಪ್ರಶ್ನೆ ಮೇಡಂ!" ಯಾರ ಮರ್ಯಾದೆ ಎಂದು ನಾನು ಕೇಳಲಿಲ್ಲ.

ಬೀಳ್ಕೊಡುಗೆಗೂ ಕಾಯದೆ ಪಾಸ್ಟರ್ ಹೊರಟುಹೋಗಿದ್ದ. ಮರುದಿನ ಮಧ್ಯಾಹ್ನ ನಾವು ರಾಮನಗುಳಿಯ ಕಡೆಯ ಆ ಸಭೆಯನ್ನು ತಲುಪಿದೆವು. ಚರ್ಚಿನ ಹಿಂದುಗಡೆ ಹೆಣ್ಣುಮಕ್ಕಳ ಹಾಸ್ಟೆಲ್ ಇತ್ತು. ಗುಡ್ಡದ ಊರುಗಳಿಂದ ಬಂದು ಅಲ್ಲಿದ್ದುಕೊಂಡು ಓದುವ ಸಣ್ಣ ಸಣ್ಣ ಹುಡುಗಿಯರು. ಅವನು ಅವರನ್ನು ಸಾಲಾಗಿ ಕೂರಿಸಿಕೊಂಡು ಹಾಡು ಹೇಳಿಕೊಡುತ್ತಿದ್ದ.

ವಾರ್ಡನ್ ನಡುವಯಸ್ಸಿನ ಹೆಂಗಸು. ವಿಷಯ ಕೇಳಿದವಳೇ ಮಕ್ಕಳನ್ನು ಒಳಗೆ ಕಳಿಸಿ ಬಂದಳು. "ಹವಾ ಬದಲಾಗ್ಲಿ ಅಂತ ಕಳಿಸೀವಿ ಅಂದ್ರು ಮೇಡಂ. ಮಕ್ಕಳಿಗೆ ಹಾಡು ಕಲಿಸ್ತ್ರು, ಒಳ್ಳೆದಾಯ್ತು ಅಂತ ನಾನೇ ಕೋಣೆ ಗುಡಿಸಿ ಕೊಟ್ಟೆ." ಅವಳಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಅಂಥವನನ್ನು ಬೇಕೆಂದೇ ಮಕ್ಕಳಿರುವಲ್ಲಿಗೆ ಕಳಿಸಿದರೆಂದು ನಾನು ಹೇಳಲಾರೆ. ಹಾಸ್ಟೆಲಿನ ಮಕ್ಕಳ ನೆನಪೇ ಹಿರಿಯರು ಕೂತ ಆ ಕೋಣೆಯಲ್ಲಿ ಯಾರಿಗೂ ಬಂದಿರಲಿಕ್ಕಿಲ್ಲ. ಅದು ಇನ್ನೂ ಹೇಸಿಗೆಯದು.

ಅವನನ್ನು ಅಲ್ಲೇ ಬಂಧಿಸಿ ಕರೆತಂದ ಸುದ್ದಿ ಹರಡಿದಾಗ ಠಾಣೆಯೆದುರು ಎರಡು ಗುಂಪು ಸೇರಿದವು. ಒಂದು, ಮೇಣದಬತ್ತಿ ಹಿಡಿದು ಪಾಸ್ಟರನಿಗಾಗಿ ಪ್ರಾರ್ಥಿಸಲು ಬಂದವರದು. ಇನ್ನೊಂದು, 'ಅವರ ಧರ್ಮವೇ ಹೀಗೆ' ಎಂದು ಘೋಷಣೆ ಕೂಗಲು ಬಾವುಟ ಹಿಡಿದು ಬಂದ ತರುಣರದು. ಹುಡುಗಿ ಹೇಗಿದ್ದಾಳೆಂದು ಎರಡೂ ಗುಂಪಿನಲ್ಲಿ ಒಬ್ಬರೂ ವಿಚಾರಿಸಲಿಲ್ಲ. ಎರಡೂ ಗುಂಪನ್ನು ಒಂದೇ ಲಾಠಿ ತೋರಿಸಿ ಮನೆಗೆ ಅಟ್ಟಿದೆ.

ಫಿಲೋಮಿನಾ ಭಾನುವಾರದ ಆರಾಧನೆಗೆ ಹೋಗುವುದನ್ನು ಬಿಡಲಿಲ್ಲ. ಅವಳು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲವಂತೆ.

ಪ್ರಕರಣ ಕೋರ್ಟಿನಲ್ಲಿ ನಿಲ್ಲುವಂತಾದದ್ದು ಹಾರವಾಡದ ಅಂತೋನನಿಂದ. ದೋಣಿ ಇಟ್ಟುಕೊಂಡವನು, ವಿಚಾರಣೆಗೆ ಕೂತ ಹಿರಿಯರಲ್ಲಿ ಕಿರಿಯವನು. ಒಂದು ದಿನ ತಾನಾಗಿಯೇ ಬಂದು ನನ್ನೆದುರು ನಿಂತ.

"ಬಟ್ಟೆ ಯಾವುದಿತ್ತು ಅಂತ ಕೇಳಿದ್ದು ನಾನೇ ಮೇಡಂ. ಮನೆಗೆ ಹೋದ ಮೇಲೆ ನನ್ನ ಮಗಳು ಊಟಕ್ಕೆ ಬಡಿಸೂಕೆ ಬಂದ್ಳು. ಅವಳ ಮುಖ ನೋಡೂಕಾಗಲಿಲ್ಲ. ಹುಡುಗಿ ಹೊರಗೆ ಹೋದ ಮೇಲೆ ಪಾಸ್ಟರ್ ಆ ಕೋಣೆಯಲ್ಲಿ ತಪ್ಪು ಒಪ್ಪಿಕೊಂಡಿದ್ರು. 'ಸೈತಾನ ಮಾಡಿಸಿದ' ಅಂದ್ರು. ನಾವೆಲ್ಲಾ ಕೇಳೀವಿ."

"ಇದನ್ನು ಕೋರ್ಟಿನಲ್ಲಿ ಹೇಳಿದರೆ ನಿಮ್ಮ ಮೇಲೂ ಕೇಸಾಗುತ್ತದೆ," ಎಂದು ಎಚ್ಚರಿಸಿದೆ.

"ಆಗ್ಲಿ," ಅಂದ.

ಹೇಳಿದ. ಉಳಿದ ಹಿರಿಯರು ಒಬ್ಬೊಬ್ಬರಾಗಿ ಬಂದು, ಆ ದಿನ ಬರೀ ಪ್ರಾರ್ಥನೆ ನಡೆಯಿತು, ಬೇರೇನೂ ನೆನಪಿಲ್ಲ ಎಂದರು. ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದ ಮೇಲೆ ಹೇಳಿದ ಮಾತುಗಳಿವು. ರೀಟಾ ಮಾತ್ರ ಪಾಟೀಸವಾಲಿನಲ್ಲಿ ಒಂದು ಮಾತೂ ತಪ್ಪಲಿಲ್ಲ. ಪಾಸ್ಟರನಿಗೆ ಜೈಲಾಯಿತು. ವಿಷಯ ಮುಚ್ಚಿಟ್ಟವರ ಮೇಲಿನ ಪ್ರಕರಣ ನಾನು ವರ್ಗವಾಗಿ ಹೋಗುವಾಗಲೂ ನಡೆಯುತ್ತಲೇ ಇತ್ತು. ಅದರಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದವನು ಅಂತೋನ ಒಬ್ಬನೇ. ಕಾರ್ಯದರ್ಶಿಗಳು ಇಂದಿಗೂ ಕಾರ್ಯದರ್ಶಿಗಳೇ. ರೀಟಾ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹಾಡುವುದಿಲ್ಲವಂತೆ.

ಈ ಪ್ರಕರಣ ನನಗೆ ಒಂದು ಪ್ರಶ್ನೆ ಕಲಿಸಿತು. ಮುಂದಿನ ಪೋಸ್ಟಿಂಗ್‌ನಲ್ಲಿ ಒಂದು ಶಾಲೆಯ ಆಡಳಿತ ಮಂಡಳಿಯವರು ಕೈ ಮುಗಿದು, "ನಮ್ಮ ಮಾಸ್ತರರ ಮೇಲೊಂದು ದೂರಿತ್ತು, ನಾವು ಒಳಗೇ ಸರಿಮಾಡಿಕೊಂಡಿದ್ದೇವೆ" ಎಂದರು. ಏನು ಸರಿ ಮಾಡಿದಿರಿ, ಹೇಗೆ ಮಾಡಿದಿರಿ ಎಂದು ನಾನು ಕೇಳಲಿಲ್ಲ.

"ಆ ಮಾಸ್ತರರು ಈ ಹೊತ್ತಿನಲ್ಲಿ ಎಲ್ಲಿದ್ದಾರೆ?" ಎಂದೆ.

"ನಮ್ಮದೇ ಇನ್ನೊಂದು ಶಾಲೆಗೆ ಕಳಿಸಿದ್ದೇವೆ," ಎಂದರು. ನಾನು ಜೀಪು ಹೊರಡಿಸಲು ಹೇಳಿದೆ.