ಉಪ್ಪು ಕೇಳದ ಸೂಪು

ಬೆಳಗಿನ ಐದೂವರೆ. ಮೂರನೇ ಮಹಡಿಯ ಪುಟ್ಟ ಅಡುಗೆಮನೆಯಲ್ಲಿ ದಪ್ಪ ತಳದ ಬಾಣಲೆ ಸಣ್ಣ ಉರಿಯ ಮೇಲಿದೆ. ಹೆಚ್ಚಿದ ಟೊಮೆಟೊ ನೀರು ಬಿಟ್ಟು, ಆ ನೀರೂ ಇಂಗಿ, ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿದೆ. ಒಣ ಅಣಬೆ ನೆನೆಸಿದ ಕಂದು ನೀರನ್ನು ಅಡುಗೆಯಕ್ಕ ಹನಿಯೂ ಚೆಲ್ಲದಂತೆ ಅದಕ್ಕೆ ಬಸಿಯುತ್ತಾರೆ. "ಅಣಬೆ ಬೇಕಾದ್ರೆ ಎಸೀರಿ, ಈ ನೀರು ಮಾತ್ರ ಎಸೀಬೇಡಿ. ಜೀವ ಇರೋದೇ ಇದ್ರಲ್ಲಿ."

ಐವತ್ತೆರಡರ ಈಕೆ ದಿನಕ್ಕೆ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಾರೆ. ನಾಲ್ಕರಲ್ಲೂ ವೈದ್ಯರು ಉಪ್ಪು ಬಿಡಿಸಿದ ರಕ್ತದೊತ್ತಡದ ರೋಗಿಗಳು. ಎರಡು ಕಿಲೋ ಟೊಮೆಟೊ ಕುದಿದು ಕುದಿದು ಒಂದು ಸಣ್ಣ ಡಬ್ಬಿಗೆ ಇಳಿಯುತ್ತದೆ. ನಾಲ್ಕು ಮನೆಗೂ ಅದೇ ಆಧಾರ. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯನ್ನು ದಿನಕ್ಕೆ ನಾಲ್ಕು ಬಾರಿ ಸುಳ್ಳು ಮಾಡುವ ಕೆಲಸವಿದು.

ಕಲಿಸಿದ್ದು ಅತ್ತೆಯ ಹಟ. ಉಪ್ಪು ನಿಂತ ಮೇಲೆ ಅವರು ತಟ್ಟೆಯನ್ನೇ ತಳ್ಳುತ್ತಿದ್ದರು, ದಿನದಿನಕ್ಕೆ ಕಡ್ಡಿಯಾಗುತ್ತಿದ್ದರು. ಒಂದು ದಿನ ಈರುಳ್ಳಿ ತಳ ಹಿಡಿಯಿತು. ಮತ್ತೆ ಹೆಚ್ಚಲು ಪುರುಸೊತ್ತಿಲ್ಲ. ಅಡುಗೆಯಕ್ಕ ಕೈಗೆ ಸಿಕ್ಕ ಅಣಬೆಯ ನೀರನ್ನೇ ಸುರಿದು, ಹತ್ತಿಕೊಂಡಿದ್ದನ್ನು ಕೆರೆದು ಕುದಿಸಿಬಿಟ್ಟರು. "ಅತ್ತೆ ಬಟ್ಟಲು ಬರಿದು ಮಾಡಿ, 'ಉಪ್ಪು ಹಾಕಿದ್ದೀಯಲ್ಲೇ, ಡಾಕ್ಟ್ರಿಗೆ ಹೇಳ್ತೀನಿ' ಅಂತ ಬೈದ್ರು. ಅಷ್ಟು ಸಿಹಿಯಾದ ಬೈಗುಳ ನಾನು ಕೇಳೇ ಇರ್ಲಿಲ್ಲ."

ಬಲ್ಲವರು ಇದನ್ನು ಉಮಾಮಿ ಎನ್ನುತ್ತಾರೆ. ಸಿಹಿಯೂ ಅಲ್ಲದ, ಹುಳಿಯೂ ಅಲ್ಲದ, ನುಂಗಿದ ಮೇಲೂ ನಾಲಿಗೆಯ ತುಂಬ ಉಳಿಯುವ ರುಚಿ. ಅಡುಗೆಯಕ್ಕ ಇದಕ್ಕೆ ಹೆಸರಿಡುವ ಗೋಜಿಗೆ ಹೋಗಿಲ್ಲ.

ಅದೇ ರುಚಿ ಒಮ್ಮೆ ಅವರ ಕೆಲಸಕ್ಕೇ ಕುತ್ತು ತಂದಿತು. ಐದನೆಯ ಮನೆಯೊಂದಿತ್ತು, ಮುದಿ ಟೈಲರ್ ಒಬ್ಬರದು. ಅಪ್ಪ ಚಪ್ಪರಿಸಿ ಉಣ್ಣುವುದನ್ನು ಕಂಡ ಮಗಳಿಗೆ ಅನುಮಾನ. "ಕದ್ದುಮುಚ್ಚಿ ಉಪ್ಪು ಹಾಕ್ತಿದ್ದೀರಿ. ನಾಳೆಯಿಂದ ಬರ್ಬೇಡಿ" ಎಂದುಬಿಟ್ಟಳು.

ಅವಮಾನದಿಂದ ಕಣ್ಣು ತುಂಬಿದರೂ ಅಡುಗೆಯಕ್ಕ ಮರುದಿನ ಅದೇ ಬಾಗಿಲು ತಟ್ಟಿದರು. "ಇವತ್ತೊಂದಿನ ನನ್ನ ಪಕ್ಕ ನಿಂತ್ಕೊಳ್ಳಮ್ಮ. ಉಪ್ಪಿನ ಡಬ್ಬಿ ನಿನ್ನ ಕೈಲೇ ಇರ್ಲಿ."

ಮಗಳು ಮುಕ್ಕಾಲು ಗಂಟೆ ಡಬ್ಬಿ ಹಿಡಿದು ನಿಂತಳು. ಸೂಪು ಇಳಿಸಿದ ಮೇಲೆ ಒಂದು ಚಮಚ ಕುಡಿದಳು. ಇನ್ನೊಂದು ಬಟ್ಟಲು ತೆಗೆದುಕೊಂಡು ಅಪ್ಪನ ಪಕ್ಕ ಹೋಗಿ ಕುಳಿತಳು. ಅಂದಿನಿಂದ ರಜಾ ದಿನಗಳಲ್ಲಿ ಒಲೆಯ ಮುಂದೆ ಅವಳೂ ನಿಂತಳು. ಕೈ ಪಳಗಿದ ಮೇಲೆ ಅಡುಗೆಯವರೇ ಬೇಕಾಗಲಿಲ್ಲ.

ಕಲಿಸಿ ಕೆಲಸ ಕಳೆದುಕೊಂಡಿರಲ್ಲ ಎಂದರೆ ಅಡುಗೆಯಕ್ಕ ಸೆರಗಿನಿಂದ ಬೆವರೊರೆಸಿಕೊಂಡು ನಗುತ್ತಾರೆ. "ಮೊನ್ನೆ ಆ ಟೈಲರ್ ದಾರೀಲಿ ಸಿಕ್ಕಿದ್ರು. 'ಮಗಳ ಕೈರುಚಿ ನಿನ್ನದಕ್ಕಿಂತ ಒಂದು ಕೈ ಮೇಲು' ಅಂದ್ರು. ಹೊಟ್ಟೆಕಿಚ್ಚಾಯ್ತು, ಸುಳ್ಯಾಕೆ ಹೇಳ್ಲಿ! ಆದ್ರೆ ಅವತ್ತು ಮನೆಗೆ ಬಂದು ಎರಡು ತುತ್ತು ಜಾಸ್ತೀನೇ ಉಂಡೆ."