ಬಸಳೆ ಚಪ್ಪರವೂ ಗಂಜಿ ಹಾಕಿದ ಪಂಚೆಯೂ

ವಿದ್ಯಾನಗರದ ಕಚೇರಿಯಲ್ಲಿ ಜೀವಮಾನವಿಡೀ ಫೈಲು ತಳ್ಳಿ ರಿಟೈರಾದ ನನ್ನ ಯಜಮಾನರಿಗೆ ಮನೆಯಲ್ಲಿ ತಳ್ಳುವುದಕ್ಕೆ ಏನೂ ಇರಲಿಲ್ಲ. ಹಾಗಾಗಿ ಬಚ್ಚಲ ನೀರನ್ನು ತಳ್ಳಲು ಹೊರಟರು. ಮಿಂದ ನೀರು, ಬಟ್ಟೆ ಒಗೆದ ನೀರು ಮರಳು-ಇದ್ದಿಲಿನ ತೊಟ್ಟಿಯಲ್ಲಿ ಸೋಸಿ, ಕಪ್ಪು ಪೈಪಿನಲ್ಲಿ ಬಂದು, ನನ್ನ ಬಸಳೆ ಚಪ್ಪರದ ಬುಡಕ್ಕೆ ತೊಟ್ಟು ತೊಟ್ಟಾಗಿ ಬೀಳಬೇಕು.

"ನೀನಿನ್ನು ಕೊಡಪಾನ ಹೊರುವುದು ಬೇಡ," ಎಂದರು. ಎಂಥಾ ಕರುಣೆ!

ಹೊಸಂಗಡಿಯ ಹತ್ತಿರವಿದ್ದ ನನ್ನ ತವರುಮನೆ ಹೈವೇ ಅಗಲವಾದಾಗ ರಸ್ತೆಗೆ ಹೋಯಿತು. ಅದಕ್ಕೂ ಮೊದಲೇ ಅಮ್ಮ ಹೋಗಿದ್ದಳು. ಅವಳು ನೆಟ್ಟ ಬಸಳೆಯ ಒಂದು ತುಂಡನ್ನು ನಾನು ತಂದು ಊರಿದ್ದೆ. ಚಪ್ಪರ ತುಂಬಿದ್ದು ಅದೇ.

ಬೇಸಿಗೆಯಲ್ಲಿ ಮಗಳ ಬಾಣಂತನ ಮುಗಿಸಿ ಬಂದು ನೋಡುತ್ತೇನೆ, ಚಪ್ಪರದಲ್ಲಿ ಬಳ್ಳಿ ಹಗ್ಗದ ಹಾಗೆ ಒಣಗಿ ನೇತಾಡುತ್ತಿದೆ. ಅಂಗಳದಲ್ಲಿ ನಮ್ಮವರು, ಗರಿಗರಿ ಗಂಜಿ ಹಾಕಿದ ಬಿಳಿ ಪಂಚೆ ಉಟ್ಟು, ಪುತ್ತಿಗೆಯಿಂದ ಬಂದ ಇಬ್ಬರು ಕೃಷಿಕರಿಗೆ ಡ್ರಿಪ್ಪಿನ ಮಹಿಮೆ ವಿವರಿಸುತ್ತಿದ್ದಾರೆ!

"ತೊಟ್ಟಿಯಲ್ಲಿ ನೀರುಂಟು, ಪೈಪಿನಲ್ಲೂ ಉಂಟು. ಗಿಡಕ್ಕೇ ಎಂತದೋ ರೋಗ," ಎಂದರು ನನ್ನನ್ನು ಕಂಡು. ಹೌದು ಮತ್ತೆ, ತಪ್ಪು ಕಚೇರಿಯದ್ದೆಂದು ಯಾವತ್ತಾದರೂ ಆದದ್ದುಂಟೇ?

ನನಗೆ ಅಳು ಬಂತು. ಸಿಟ್ಟು ಅದಕ್ಕಿಂತ ಮೊದಲೇ ಬಂದಿತ್ತು. ಪೈಪಿನ ತುದಿಯಲ್ಲಿ ನೀರು ತೊಟ್ಟಿಕ್ಕಿಸುವ ಡ್ರಿಪ್ಪರು ಕಿತ್ತು, ಕರಿಮಣಿಯಲ್ಲಿ ಸಿಕ್ಕಿಸಿದ್ದ ಪಿನ್ನಿನಿಂದ ಅದರ ಬಾಯಿಗೆ ಚುಚ್ಚಿದೆ. ಬೆಳ್ಳಗೆ ಲೋಳೆ ಹೊರಬಂತು. ಹುಳಿ ನಾತ. ಕುಚಲಕ್ಕಿ ಗಂಜಿ ಹಳಸಿದರೆ ಬರುವ ನಾತ ಮೂಗಿಗೆ ಗೊತ್ತಿಲ್ಲವೇ? ನಮ್ಮವರು ಪಂಚೆಗೆ ಗಂಜಿ ಹಾಕುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಅದ್ದಿ, ಹಿಂಡಿ, ಉಳಿದದ್ದನ್ನು ಬಚ್ಚಲಿಗೆ ಚೆಲ್ಲುತ್ತಾರೆ. ಮರಳಿನಲ್ಲಿ ನುಸುಳಿದ ಗಂಜಿ ಪೈಪಿನಲ್ಲಿ ಕೂತು ಹಳಸಿ, ಒಂದೊಂದೇ ಡ್ರಿಪ್ಪರಿನ ಬಾಯಿ ಕಟ್ಟಿತ್ತು.

"ರೋಗ ಗಿಡಕ್ಕಲ್ಲ ಮಾರಾಯ್ರೆ," ಎಂದೆ, "ನಿಮ್ಮ ಪಂಚೆಗೆ. ಅದು ನೆಟ್ಟಗೆ ನಿಂತಿತು, ನನ್ನ ಬಸಳೆ ಮಲಗಿತು."

ಕೃಷಿಕರು ಆಕಾಶ ನೋಡಿದರು. ನಮ್ಮವರು ಪಂಚೆ ನೋಡಿಕೊಂಡರು.

ಆಮೇಲೆ ಒಗೆದ ಬಟ್ಟೆ ಹರವಲು ಹಿತ್ತಲಿಗೆ ಹೋದರೆ, ಚಪ್ಪರದಿಂದ ಇಳಿದಿದ್ದ ಬಸಳೆಯ ಒಂದು ಕುಡಿ, ಬಟ್ಟೆಯ ಹಗ್ಗದ ಕೆಳಗೆ ಬೇರು ಬಿಟ್ಟಿತ್ತು. ದಿನಾ ಪಂಚೆಯಿಂದ ತೊಟ್ಟಿಕ್ಕಿದ ನೀರೇ ಅದಕ್ಕೆ ಸಿಕ್ಕಿದ್ದು. ನಾಲ್ಕು ಎಲೆ, ಹಸಿ ಹಸಿ. ಇಷ್ಟು ಖರ್ಚು ಮಾಡಿ ಹಾಕಿದ ಪೈಪಿಗೆ ಆಗದ ಡ್ರಿಪ್ಪು ಹಗ್ಗಕ್ಕೆ ಆಗಿತ್ತು.

ಅದನ್ನು ಬಾಯಿಬಿಟ್ಟು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನಮ್ಮವರು ಪಂಚೆ ಎತ್ತಿಕಟ್ಟಿ, ಬಾವಿಕಟ್ಟೆಯಿಂದ ಕೊಡಪಾನ ಹೊತ್ತು ತಂದು, ಆ ಕುಡಿಯ ಬುಡಕ್ಕೆ ಬಗ್ಗಿಸಿದರು.

"ಮೆಲ್ಲ," ಎಂದೆ. "ಅಮ್ಮನದ್ದು ಅದೊಂದೇ ಉಳಿದದ್ದು."