ಮಾಳಿಗೆಯ ಮಿಲಿಂದನೂ ಅವನ ಹುಡುಗರೂ

ಆ ಹುಡುಗರ ಸುದ್ದಿ ಆನಂದೀಬಾಯಿಯ ಕಿವಿಗೆ ಮೊದಲು ಬಿದ್ದದ್ದು ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದ ದಿನ. ಯುಗಾದಿ ಮುಗಿದು ಬಿಸಿಲು ಖಡಕ್ಕಾಗಿತ್ತು. ಹಳೆಯ ಧೋತರ ಹಾಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಅವಳು ಹಿಟ್ಟು ಒತ್ತುತ್ತ ಕೂತಿದ್ದಳು. ಮಾಳಿಗೆಯ ಮೂಲೆಗೆ ಒಂದೇ ಒಂದು ಖೋಲಿ. ಅದರಲ್ಲಿ ಬಾಡಿಗೆಗಿದ್ದವನು ಮಿಲಿಂದ. ಬಬಲೇಶ್ವರದ ಹುಡುಗ, ತಿಕೋಟಾದ ಕರೆಂಟ್ ಆಫೀಸಿನಲ್ಲಿ ನೌಕರಿ. ಮುಂಜಾನೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಅಂದು ರವಿವಾರ. ಬಾಗಿಲು ಅರ್ಧ ಮುಚ್ಚಿಕೊಂಡು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದ.

"ಆ ಎಡಗೈ ಹುಡುಗನ್ನ ನಾ ಕೊಡಾಂಗಿಲ್ಲ. ಹತ್ತೊಂಬತ್ತು ವರ್ಷ ಅವಗ, ಇನ್ನೂ ಬೆಳಸಾಕತ್ತೇನಿ. ನಿನಗ ಬೇಕಾದ್ರ ಆ ಗಿಡ್ಡನ್ನ ಒಯ್ಯಿ. ಅವನ ಭುಜ ಹೋಗೇತಿ, ಮೊದಲ ಹೇಳಾಕತ್ತೇನಿ, ಆಮ್ಯಾಲ ಬಯ್ಯಬ್ಯಾಡ. ಮತ್ತ ಇನ್ನಿಬ್ಬರನ್ನ ಈ ತಿಂಗಳ ಬಿಟ್ಟುಬಿಡಾಂವ. ಎಷ್ಟು ದಿವಸ ಅಂತ ಇಟಗೊಳ್ಳೂದು?"

ಆನಂದೀಬಾಯಿಯ ಕೈ ನಿಂತಿತು. ಎಂಥ ಹುಡುಗರು, ಎಲ್ಲಿಯ ಹುಡುಗರು? ಕೊಡುವುದೆಂದರೇನು, ಬಿಡುವುದೆಂದರೇನು? ಕೈ ತೊಳೆಯದೆಯೇ ಕೆಳಗಿಳಿದು ಸೊಸೆಯ ಮುಂದೆ ನಿಂತಳು.

"ಸಂಪದಾ, ಮ್ಯಾಲಿನಂವ ಹುಡುಗರ ವ್ಯಾಪಾರ ಮಾಡ್ತಾನ."

ಸಂಪದಾ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ರಜೆಯ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ನಕ್ಕುಬಿಟ್ಟಳು. "ಅತ್ಯಾ, ನೀವು ಟಿವಿ ನೋಡೂದು ಕಡಿಮಿ ಮಾಡ್ರಿ. ಕಂಪ್ಯೂಟರದಾಗ ಏನೋ ಆಟ ಆಡ್ತಾನಂತ, ನಿಮ್ಮ ಮಗಾನ ಹೇಳತಿದ್ರು."

"ಆಟದಾಗ ಭುಜ ಹೋಗ್ತಾವೇನು?"

"ಹೋಗ್ತಿರಬೇಕು. ನನಗೇನು ಗೊತ್ತು?"

ಗೊತ್ತಿಲ್ಲದ ಮಾತಿಗೆ ನಗುವವರನ್ನು ಕಂಡರೆ ಆನಂದೀಬಾಯಿಗೆ ಆಗುವುದಿಲ್ಲ. ಅವಳು ಕಲಿತದ್ದು ಮೂರನೇ ಇಯತ್ತೆವರೆಗೆ, ಅದೂ ಅರ್ಧ. ಆದರೆ ಶಹರದ ಗಾಂಧಿ ಚೌಕದ ಹಿಂದಿನ ಈ ಓಣಿಗಳಲ್ಲಿ ಯಾರ ಅಳಿಯ ಯಾವ ಊರಿನವನು, ಯಾರ ಲಗ್ನದಲ್ಲಿ ಬೂಂದಿ ಸಾಲದೆ ಬೀಗರು ಮುನಿಸಿಕೊಂಡರು, ಯಾವ ಮನೆಯ ಹಿರಿಯ ಕುಡಿದು ಬಿದ್ದದ್ದನ್ನು ಜ್ವರ ಎಂದು ಹೇಳಿದರು, ಎಲ್ಲವೂ ನಿನ್ನೆ ಕಂಡಂತೆ ಅವಳ ನೆನಪಿನಲ್ಲಿತ್ತು. ಹೀಗಾಗಿ ಹೆಣ್ಣು ಹೆತ್ತವರು ವರನ ವಿಚಾರಣೆಗೆ ಅವಳ ಪಡಸಾಲೆಗೆ ಬರುತ್ತಿದ್ದರು. ಜಾತಕ ಕೂಡಿದರೂ, ಹುಡುಗಿ ನೋಡುವುದು ಮುಗಿದರೂ, ಕೊನೆಗೊಂದು ಮಾತು ಆನಂದೀಬಾಯಿಯಿಂದ ಬೀಳಬೇಕು. ಹುಡುಗ ಹೇಗೆ, ಮನೆತನ ಹೇಗೆ, ಕೈಬಾಯಿ ಶುದ್ಧವೇ? ಅವಳು "ನೋಡ್ರಿ, ನಾ ಏನೂ ಹೇಳಾಂಗಿಲ್ಲ" ಎಂದು ಸುಮ್ಮನಾದರೆ ಸಾಕು, ಆ ಸಂಬಂಧ ಅಲ್ಲಿಗೇ ಮುಗಿಯುತ್ತಿತ್ತು.

ಸಂಡಿಗೆ ಒಣಗಿ ಡಬ್ಬಿ ಸೇರುವ ಮೊದಲೇ ತಿಕೋಟಾದಿಂದ ಸದಾಶಿವ ಬಂದ. ಅವಳ ತವರಿನ ಕಡೆಯಿಂದ ದೂರದ ನೆಂಟ. ಒಣದ್ರಾಕ್ಷಿಯ ಚೀಲ ಮುಂದಿಟ್ಟು, ನೀರು ಕುಡಿದು, ಬಿಸಿಲಿನ ಸುದ್ದಿ ಮುಗಿಸಿ ಮೆಲ್ಲಗೆ ವಿಷಯಕ್ಕೆ ಬಂದ.

"ಮಾವಶಿ, ನಮ್ಮ ಮಗಳು ಪೂರ್ವಾಗ ಒಂದು ಕಡೆ ಕೂಡಿ ಬಂದೇತಿ. ಹುಡುಗ ಬ್ಯಾರೆ ಯಾರೂ ಅಲ್ಲ, ನಿಮ್ಮ ಮಾಳಿಗಿ ಮ್ಯಾಲಿನ ಮಿಲಿಂದ."

ಆನಂದೀಬಾಯಿ ಅಡಿಕೆ ಕತ್ತರಿಸುತ್ತಿದ್ದ ಅಡಕತ್ತು ಕೆಳಗಿಟ್ಟಳು.

"ನೋಡಿ ಹೋಗ್ಯಾನ. ಅವನ ಅವ್ವಗೂ ಮನಸ ಬಂದೇತಿ," ಎಂದ ಸದಾಶಿವ. "ಪೂರ್ವಾ ನಮ್ಮೂರ ಸಾಲ್ಯಾಗ ಕಲಸ್ತಾಳ, ಆಕೀದೇನೂ ತಕರಾರಿಲ್ಲ. ನೀವು ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ. ನಿಮ್ಮ ತಲಿ ಮ್ಯಾಲ ಇರಾಂವ, ನಿಮಗಿಂತ ಯಾರಿಗೆ ಗೊತ್ತಾಗಬೇಕು?"

ಫೋನಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೇಳಿದ್ದನ್ನು ಕೇಳಿದ ಹಾಗೆಯೇ ಒಗೆಯುವುದು ಅವಳ ಪದ್ಧತಿಯಲ್ಲ. "ಅಕ್ಷಯ ತದಿಗಿಯೊಳಗ ಹೇಳ್ತೀನಿ," ಎಂದಳು. ಹೆಣ್ಣುಮಗಳೊಬ್ಬಳ ಬಾಳು ತನ್ನ ನಾಲಿಗೆಯ ಮೇಲೆ ಬಂದು ಕೂತಿತು ಎಂಬುದು ಅವಳಿಗೆ ಸರಿಯಾಗಿಯೇ ತಿಳಿದಿತ್ತು.

ಅಂದಿನಿಂದ ಶೋಧ ನಡೆಯಿತು. ಮಿಲಿಂದನ ಹಗ್ಗದ ಮೇಲೆ ಒಣಗುವ ಅಂಗಿಗಳ ಜೇಬು ನೋಡಿದಳು. ಕಸದ ಡಬ್ಬಿಯಲ್ಲಿ ಬಾಟಲಿ ಉಂಟೇ, ಗುಟ್ಕಾ ಉಂಟೇ ನೋಡಿದಳು. ಬಾಳೆಹಣ್ಣಿನ ಸಿಪ್ಪೆ ಬಿಟ್ಟರೆ ಏನೂ ಸಿಗಲಿಲ್ಲ. ಏನೂ ಸಿಗದಿದ್ದಾಗ ಅವಳ ಸಂಶಯ ಇನ್ನಷ್ಟು ಬಲಿಯಿತು. ಒಂಟಿ ಗಂಡಸಿನ ಕಸ ಇಷ್ಟು ಶುದ್ಧವಿರುತ್ತದೆಯೇ? ಓಣಿಯ ತುದಿಯ ಚಹಾದಂಗಡಿಯ ದಾವಲಸಾಬನನ್ನು ಕೇಳಿದಳು.

"ಛಲೋ ಹುಡುಗ ಅಮ್ಮಾರ," ಎಂದ ದಾವಲಸಾಬ. "ಖರೆ ಒಂದು ಐತಿ ನೋಡ್ರಿ. ಅಂವ ಕ್ರಿಕೆಟ್ ನೋಡಂಗಿಲ್ಲ. ಮಂದಿ ನನ್ನ ಟಿವಿ ಮುಂದ ಹಲ್ಲಿ ಹಂಗ ಅಂಟ್ಕೊಂಡಿರ್ತಾರ, ಇಂವ ಚಾ ಕುಡದು ಸುಮ್ಮನ ಹೊಂಟ ಹೋಗ್ತಾನ. ಎಷ್ಟಾತು ಅಂತ ಸುದ್ದಾ ಕೇಳಂಗಿಲ್ಲ."

"ಗಂಡಸಾಗಿ ಹುಟ್ಟಿ ಎಷ್ಟಾತು ಅಂತ ಕೇಳಂಗಿಲ್ಲಾ?"

"ಅದ ಮತ್ತ! ನನಗೂ ಅದ ಸಂಶೆ."

ಇದು ಸಣ್ಣ ಮಾತಲ್ಲ ಎನ್ನಿಸಿತು ಆನಂದೀಬಾಯಿಗೆ. ಅಂದು ಸಂಜೆ ಚುರುಮುರಿ ತೋಯಿಸಿ ಸುಸಲಾ ಮಾಡಿ, ಒಂದು ತಾಟು ಮುಚ್ಚಿಕೊಂಡು, ಮೆಟ್ಟಿಲಿಗೊಮ್ಮೆ ಉಸಿರು ಬಿಡುತ್ತ ಅವನ ಖೋಲಿಗೇ ಹೋದಳು.

"ಬರ್ರಿ ಕಾಕು, ಕೂಡ್ರಿ," ಎಂದು ಮಿಲಿಂದ ಇದ್ದೊಂದು ಖುರ್ಚಿ ಕೊಟ್ಟು ತಾನು ಮಂಚದ ಮೇಲೆ ಕೂತ. ಕಂಪ್ಯೂಟರು ತೆರೆದೇ ಇತ್ತು. ಅದರ ತುಂಬ ಟೊಪ್ಪಿಗೆ ಹಾಕಿದ ಹುಡುಗರ ಮುಖಗಳು.

"ಇವರೇನು ನೀ ಮಾರಾಕ ಇಟ್ಟ ಹುಡುಗರು?" ಎಂದು ನೇರವಾಗಿಯೇ ಕೇಳಿದಳು.

ಮಿಲಿಂದನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಬಾಯಲ್ಲಿದ್ದ ಸುಸಲಾ ನೆತ್ತಿಗೇರಿತು. ಕೆಮ್ಮಿ, ನೀರು ಕುಡಿದು, ಮೊದಲಿನಿಂದ ಹೇಳಿದ. ಬೇಸ್‌ಬಾಲ್ ಅಂತ ಅಮೆರಿಕದವರ ಆಟ. ಒಬ್ಬ ಚೆಂಡು ಒಗೆಯುತ್ತಾನೆ, ಒಬ್ಬ ದಂಡದಿಂದ ಹೊಡೆಯುತ್ತಾನೆ. ಆದರೆ ಕಂಪ್ಯೂಟರಿನಲ್ಲಿ ತಾನು ಒಗೆಯುವುದೂ ಇಲ್ಲ, ಹೊಡೆಯುವುದೂ ಇಲ್ಲ. ತಾನು ತಂಡದ ಕಾರಭಾರಿ. ಮೇಲೆ ಒಂದು ದೊಡ್ಡ ತಂಡ, ಅದರ ಕೆಳಗೆ ಮೆಟ್ಟಿಲಿನ ಹಾಗೆ ಸಣ್ಣ ಸಣ್ಣ ತಂಡಗಳು. ಮೀಸೆ ಮೂಡದ ಹುಡುಗರನ್ನು ಕೆಳಗಿನ ಮೆಟ್ಟಿಲಿಗೆ ಹಾಕಿ, ಕಲಿಸಿ, ಬೆಳೆಸಿ, ಒಂದೊಂದೇ ಮೆಟ್ಟಿಲು ಏರಿಸಬೇಕು. ಸೊಲ್ಲಾಪುರದ ಗೆಳೆಯನೊಬ್ಬ ಇನ್ನೊಂದು ತಂಡದ ಕಾರಭಾರಿ. ಅವನ ಕೂಡ ಹುಡುಗರ ಅದಲುಬದಲು ನಡೆಯುತ್ತದೆ. ಡಿಪ್ಲೊಮಾ ಕಲಿಯುವಾಗ ಹಾಸ್ಟೆಲಿನಲ್ಲಿ ಯಾರೋ ಹಾಕಿಕೊಟ್ಟ ಆಟ. ಉಳಿದವರು ಬೇಸತ್ತು ಬಿಟ್ಟರು, ಇವನಿಗೆ ಅಂಟಿಕೊಂಡಿತು.

"ಇವರು ಯಾವ ಊರವರು?"

"ಯಾವ ಊರವರೂ ಅಲ್ಲ ಕಾಕು. ಯಂತ್ರ ಹುಟ್ಟಿಸಿದ ಹುಡುಗರು."

"ಯಂತ್ರ ಹುಟ್ಟಿಸಿದವರಿಗೆ ಭುಜ ಯಾಕ ಹೋಗಬೇಕು?"

"ಅವಸರ ಮಾಡಿದ್ರ ಹೋಗ್ತಾವ್ರಿ."

ಆನಂದೀಬಾಯಿ ಪೂರಾ ನಂಬಲಿಲ್ಲ. ಇಂಥ ಆಟಗಳ ಮೇಲೆ ಪಣ ಕಟ್ಟುವವರು ಎಷ್ಟು ನಮೂನೆಯ ಕಥೆ ಕಟ್ಟುತ್ತಾರೆ ಎಂಬುದನ್ನು ಅವಳು ಬೇಕಾದಷ್ಟು ಕೇಳಿದ್ದಳು. "ಆ ಎಡಗೈಯಂವ ಯಾರು? ತೋರ್ಸು," ಎಂದಳು. ಉದ್ದ ಮೋರೆಯ, ಎಳೆಯ ಹುಡುಗ. ಎಮಿಲಿಯೊ ಎಂಬ ಹೆಸರು ಅವಳ ನಾಲಿಗೆಗೆ ಹತ್ತಲಿಲ್ಲ. ಹೇಗಿದ್ದಾನೆ ಎಂದು ಕೇಳಿದ್ದಕ್ಕೆ ಮಿಲಿಂದ ಓದಿ ಹೇಳಿದ. ದುಡಿಮೆಗೆ ಗಟ್ಟಿ. ಬುದ್ಧಿ ಚುರುಕು. ಆಸೆಬುರುಕನಲ್ಲ. ನಂಬಿಕೆಗೆ ಮಧ್ಯಮ. ಪ್ರಕೃತಿ ತುಸು ನಾಜೂಕು.

ಆನಂದೀಬಾಯಿ ಖುರ್ಚಿಯಲ್ಲಿ ನೆಟ್ಟಗಾದಳು. ಇವು ಅವಳು ವರನ ಬಗ್ಗೆ ಕೇಳುವ ಪ್ರಶ್ನೆಗಳೇ.

"ಯಾರು ಬರದಾರ ಇದನ್ನ?"

"ಸ್ಕೌಟ್ ಅಂತ ಒಬ್ಬಾಂವ ಇರ್ತಾನ್ರಿ. ಊರೂರು ತಿರುಗಿ ಹುಡುಗರನ್ನ ನೋಡಿ ವರದಿ ಕೊಡ್ತಾನ."

"ಖರೆ ಹೇಳ್ತಾನೇನು?"

"ಅವಗ ಕಂಡಷ್ಟು. ನನ್ನ ಸ್ಕೌಟಗ ಜೋರಲೆ ಒಗಿಯೋರಂದ್ರ ಭಾಳ ಪ್ರೀತಿ. ಅದಕ್ಕ ಅಂವ ಹೊಗಳಿದವರನ್ನ ನಾ ಇನ್ನಷ್ಟು ದಿವಸ ಕೆಳಗ ಇಟ್ಟು ನೋಡ್ತೀನಿ."

ಇವನು ಯಂತ್ರದ ಮಾತು ಹೇಳುತ್ತಿದ್ದಾನೋ, ನನಗೇ ಚುಚ್ಚುತ್ತಿದ್ದಾನೋ? ತಾಟು ಎತ್ತಿಕೊಂಡು ಇಳಿಯುವಾಗ ಅವಳು ಅದನ್ನೇ ಯೋಚಿಸಿದಳು.

ಆಮೇಲೆ ಅವಳು ಮತ್ತೆ ಮತ್ತೆ ಹತ್ತಿದಳು. ಒಮ್ಮೆ ಚಟ್ನಿಪುಡಿ ಕೊಡುವ ನೆಪ, ಒಮ್ಮೆ ನಲ್ಲಿಯಲ್ಲಿ ನೀರು ಬಂತೇ ಎಂದು ಕೇಳುವ ನೆಪ. ಕೂತು ನೋಡಿದಳು. ಮಿಲಿಂದ ಒಬ್ಬ ಹುಡುಗನನ್ನು ಬಿಟ್ಟುಬಿಡುವ ಮೊದಲು ಅವನು ಬಂದಂದಿನಿಂದ ಆಡಿದ್ದನ್ನೆಲ್ಲ ತೆಗೆದು ಓದುತ್ತಿದ್ದ. ಓದಿ, "ಇನ್ನೊಂದು ಹಂಗಾಮು ನೋಡೂಣು," ಎಂದು ತನ್ನಷ್ಟಕ್ಕೆ ಅಂದುಕೊಂಡು ಉಳಿಸಿಕೊಳ್ಳುತ್ತಿದ್ದ. ಎಲ್ಲಕ್ಕಿಂತ ಕೆಳಗಿನ ತಂಡದಲ್ಲಿ ವಯಸ್ಸು ಕಳೆದ ಒಬ್ಬನಿದ್ದ, ಚೆಂಡು ಹಿಡಿಯುವವನು.

"ಈ ಮುದುಕನ್ನ ಯಾಕ ಇಟಗೊಂಡೀಯೋ?"

"ಇಂವ ಮ್ಯಾಲ ಹೋಗಾಂಗಿಲ್ರಿ. ಖರೆ ಇಂವ ಇದ್ದಲ್ಲಿ ಸಣ್ಣ ಹುಡುಗರು ಛಲೋ ಬೆಳೀತಾರ."

ಕೇಳಲಿಕ್ಕೆ ಚಂದದ ಮಾತು. ಮಾತು ಇಷ್ಟು ಚಂದವಾದಾಗಲೇ ಆನಂದೀಬಾಯಿಗೆ ಕಸಿವಿಸಿ. ಮೈಮೇಲೆ ಒಂದೂ ಕಲೆಯಿಲ್ಲದ ವರನನ್ನು ಅವಳು ಈವರೆಗೆ ಕಂಡಿರಲಿಲ್ಲ. ಕಲೆ ಎಲ್ಲೋ ಒಳಮಗ್ಗುಲಿಗಿದೆ, ಅದನ್ನು ಈ ಹುಡುಗ ಒಳ್ಳೆಯ ಮಾತಿನಿಂದ ಮುಚ್ಚುತ್ತಿದ್ದಾನೆ ಎಂದೇ ಅವಳ ಅಂದಾಜು.

ಒಂದು ಸಂಜೆ ಹೋದಾಗ ಮಿಲಿಂದ ದೀಪ ಹಚ್ಚದೆ ಕೂತಿದ್ದ. ಮೇಲಿನ ತಂಡದಲ್ಲಿ ಚೆಂಡು ಒಗೆಯುವವನೊಬ್ಬ ಮೊಣಕೈ ಮುರಿದುಕೊಂಡನಂತೆ. ಎಡಗೈಯವನು ತಯಾರಾಗಿದ್ದಾನೆ ಎಂದು ಸ್ಕೌಟ್ ಹೇಳಿದ, ಸೊಲ್ಲಾಪುರದ ಗೆಳೆಯನೂ ಹುರಿದುಂಬಿಸಿದ. ಮಿಲಿಂದ ಅವನನ್ನು ಎರಡು ಮೆಟ್ಟಿಲು ಜಿಗಿಸಿ ಮೇಲೆ ತಂದ. ಹುಡುಗ ಒಗೆದದ್ದನ್ನೆಲ್ಲ ಎದುರಿನವರು ಬಾರಿಸಿದರು. ಅವನ ಹೆಸರಿನ ಮುಂದೆ ಮನಸ್ಸು ಕೆಟ್ಟಿದೆ ಎಂದು ಕೆಂಪು ಗುರುತು ಬಿದ್ದಿತ್ತು.

"ತಿರುಗಿ ಕೆಳಗ ಕಳಸು ಮತ್ತ," ಎಂದಳು ಆನಂದೀಬಾಯಿ, ತನಗೇ ಗೊತ್ತಿಲ್ಲದೆ ದನಿ ಏರಿಸಿ.

"ಕಳಿಸೀನಿ ಕಾಕು. ಅಲ್ಲೂ ಈಗ ಮೊದಲಿನಂಗ ಒಗಿಯವಲ್ಲ." ಮಿಲಿಂದ ಹಣೆ ಒತ್ತಿಕೊಂಡ. "ವರದ್ಯಾಗ ಎಲ್ಲಾ ಇತ್ತು. ಮ್ಯಾಲ ಬರಾಕ ಅವಗ ಮನಸ ಇತ್ತೇನು, ಅದೊಂದು ಇರಲಿಲ್ಲ. ಕೇಳಬೇಕಂದ್ರ ಈ ಆಟದಾಗ ಅದಕ್ಕೊಂದು ಬಟನ್ನ ಇಲ್ಲ."

"ಯಂತ್ರಕ್ಕ ಎಲ್ಲೀ ಮನಸೋ, ಹುಚ್ಚಪ್ಪಾ?"

ಅವನು ಎಡಗೈಯವನ ಮೋರೆಯನ್ನೇ ನೋಡುತ್ತ ಕೂತ. ಅದರಲ್ಲಿ ನಾಟಕ ಕಾಣಲಿಲ್ಲ ಅವಳಿಗೆ. ಕತ್ತಲಲ್ಲಿ ಇವನು ಯಾರಿಗೆ ತೋರಿಸಬೇಕು? ಕೆಳಗಿಳಿದು ಸಂಪದಾಳಿಗೆ, "ಸದಾಶಿವಗ ಹೂಂ ಅಂತ ಹೇಳಬೇಕು ಅನಸ್ತದ," ಎಂದಳು. ಸೊಸೆ ಅತ್ತೆಯ ಹಣೆ ಮುಟ್ಟಿ ನೋಡಿ, "ಜ್ವರಾ ಇಲ್ಲಲಾ?" ಎಂದು ಚೇಷ್ಟೆ ಮಾಡಿದಳು.

ಆದರೆ ಆ ವಾರವೇ ಹೊಸ ಸುದ್ದಿ. ಮಿಲಿಂದನಿಗೆ ಬಬಲೇಶ್ವರಕ್ಕೆ ಬದಲಿಯಾಯಿತು. ಖೋಲಿ ಬಿಟ್ಟು ತಾಯಿಯ ಹತ್ತಿರ ಹೋಗುವನಂತೆ. ಮದುವೆಯ ಮಾತು ಕುದುರುವ ಹೊತ್ತಿಗೆ ಸರಿಯಾಗಿ ತಿಕೋಟಾ ಬಿಡುವುದೆಂದರೇನು? ಅಡಗಿದ್ದ ಸಂಶಯ ಮತ್ತೆ ತಲೆ ಎತ್ತಿತು. ಸದಾಶಿವ ಫೋನು ಮಾಡಿದಾಗ ಅವಳು, "ನಾಳೆ ನಾನ ಬರ್ತೀನಿ, ಕೂತು ಹೇಳ್ತೀನಿ," ಎಂದಷ್ಟೇ ಅಂದಳು.

ಅಂದೇ ಸಂಜೆ ಮಿಲಿಂದ ಕೀಲಿಕೈ ಕೊಡಲು ಕೆಳಗೆ ಬಂದ. ಸಾಮಾನು ಆಗಲೇ ಟೆಂಪೋ ಏರಿತ್ತು. ಅವಳಿಗೆ ನಮಸ್ಕಾರ ಮಾಡಿ, ಹೋಗದೆ, ಕಟ್ಟೆಯ ಮೇಲೆ ಕೂತ.

"ನಾಳೆ ತಿಕೋಟಾಕ್ಕ ಹೊಂಟೀರಂತಲ್ಲ ಕಾಕು. ನನ್ನ ವಿಚಾರಣಿ ಹೇಳಾಕ."

ಆನಂದೀಬಾಯಿ ತಟ್ಟನೆ ಅವನ ಕಡೆ ತಿರುಗಿದಳು. "ಯಾರು ಹೇಳಿದ್ರು ನಿನಗ?"

"ನಾಳೆ ಹೊಂಟದ್ದು ಸಂಪದಾ ವೈನಿ ಹೇಳಿದ್ರು. ವಿಚಾರಣಿ ಸುದ್ದಿ ಯಾರು ಹೇಳಬೇಕು? ಬಾಡಿಗಿಗೆ ಬಂದಾಗಿಂದ ನನ್ನ ಖೋಲ್ಯಾಗ ಕಾಲಿಡದಾಕಿ ನೀವು, ಸುಸಲಾ ತಾಟ ಹಿಡಕೊಂಡು ಬಂದ ದಿವಸಾನ ಗೊತ್ತಾತು."

"ಮತ್ತ ಇಷ್ಟು ದಿವಸ ತೋರಿಸಿದ್ದೆಲ್ಲಾ ನಾಟಕೇನೋ?"

"ನಾಟಕ ಮಾಡಬೇಕಂದ್ರ ದಾವಲಸಾಬನ ಅಂಗಡ್ಯಾಗ ಕೂತು ಕ್ರಿಕೆಟ್ ನೋಡ್ತಿದ್ದೆ."

ನಗು ಬಂದರೂ ಅವಳು ತಡೆದುಕೊಂಡಳು. ಮಿಲಿಂದ ದನಿ ಇಳಿಸಿದ. "ಕಾಕು, ನಾ ಪೂರ್ವಾನ್ನ ನೋಡಾಕ ಹೋದಾಗ ಏನ ಕೇಳಿದ್ರೂ ಆಕೀ ಅಪ್ಪನ ಉತ್ತರ ಕೊಟ್ಟರು. ನಿನಗ ಯಾವ ವಿಷಯ ಕಲಸಾಕ ಸೇರತೇತಿ ಅಂತ ಕೇಳಿದೆ. ಅದಕ್ಕೂ ಅವರ ಹೇಳಿದ್ರು. ಆಕಿ ಬಾಗಿಲ ಕಡೆ ನೋಡಾಕತ್ತಿದ್ಲು. ನೀವು ನಾಳೆ ಪಡಸಾಲ್ಯಾಗ ಏನೂ ಮಾತಾಡಬ್ಯಾಡ್ರಿ. ಮೊದಲ ಅಡಿಗಿಮನಿಗೆ ಹೋಗಿ ಆಕೀನ್ನ ಕೇಳ್ರಿ, ಒಬ್ಬಾಕೀನ್ನ."

ಎಷ್ಟೋ ಮದುವೆಗಳ ವಿಚಾರಣೆ ಮಾಡಿದ ಆನಂದೀಬಾಯಿಗೆ ಇಂಥ ವಿಚಾರಣೆಯನ್ನು ಯಾರೂ ಒಪ್ಪಿಸಿರಲಿಲ್ಲ. ಅವಳು ಕಣ್ಣು ಸಣ್ಣದು ಮಾಡಿ ಅವನ ಮೋರೆ ನೋಡಿದಳು. "ನಿನಗ ಈ ಹುಡುಗಿ ಬ್ಯಾಡೇನು? ಜಾರಿಕೊಳ್ಳಾಕ ಹಾದಿ ಹುಡಕಾಕತ್ತೀಯೇನು?"

"ಬೇಕ್ರಿ," ಎಂದ ಮಿಲಿಂದ. ಕಿವಿ ಕೆಂಪಾಗಿದ್ದವು. "ಬೇಕಂತನ ಹೇಳಾಕತ್ತೇನಿ."

"ಆಕಿ ಬ್ಯಾಡ ಅಂದ್ರ? ಸದಾಶಿವ ಸುಮ್ಮನ ಬಿಡ್ತಾನೇನು? ನಾಕು ಮಂದೀನ್ನ ಕರದು ಕೂಡಿಸಿ ಆಕೀ ಕಡಿಂದ ಹೂಂ ಅನಸ್ತಾನ."

"ಅದಕ್ಕ, ಬ್ಯಾಡ ಅಂದ್ರ ಆಕೀ ಹೆಸರ ತರಬ್ಯಾಡ್ರಿ. ಈ ಹುಡುಗನೊಳಗ ಏನೋ ಐತಿ, ನಾ ಖಾತ್ರಿ ಕೊಡಾಂಗಿಲ್ಲ ಅಂದುಬಿಡ್ರಿ."

"ನಾ ಹಂಗ ಒಂದ ಮಾತು ಅಂದೆ ಅಂದ್ರ, ಈ ಸೀಮಿಯೊಳಗ ಮತ್ತ ಯಾರೂ ನಿನಗ ಹೆಣ್ಣು ಕೊಡಾಂಗಿಲ್ಲೋ ಯಪ್ಪಾ."

ಟೆಂಪೋದವನು ಹೊರಗೆ ಹಾರ್ನು ಬಾರಿಸಿದ. ಮಿಲಿಂದ ಎದ್ದು ಚಪ್ಪಲಿ ಮೆಟ್ಟಿದ.

"ಅದು ನನಗ ಬಿಡ್ರಿ ಕಾಕು. ನೀವು ಆಕೀನ್ನ ಕೇಳ್ತೀರೋ ಇಲ್ಲೋ, ಅಷ್ಟು ಹೇಳ್ರಿ."